ಅಮೆರಿಕದಲ್ಲಿ ಎಂಎಸ್ ಓದುತ್ತಾ ‘ವರ್ಕ್ ಸ್ಟಡಿ’ ಕೆಲಸ: ನಮಗೂ ಸಿಗುತ್ತಾ?

ಕೊಬ್ಬರಿ_ಹುಡುಗ (ಜೂನ್ 9)

ಎಲ್ಲರಿಗೂ ನಮಸ್ಕಾರ. ನಾನು ತಿಪಟೂರು ಕಡೆಯವನು. ಬಿಇ ಮುಗಿಸಿ ಎರಡು ವರ್ಷ ಬೆಂಗಳೂರಿನಲ್ಲಿ ಕೆಲಸ ಮಾಡಿದೆ. ಆಗಸ್ಟ್‌ನಲ್ಲಿ ಎಂಎಸ್‌ಗೆ ಅಮೆರಿಕಕ್ಕೆ ಹೊರಟಿದ್ದೇನೆ. ಐ-20 (ವೀಸಾಕ್ಕೆ ಯೂನಿವರ್ಸಿಟಿ ಕೊಡುವ ಪತ್ರ) ಬಂದಿದೆ, ವೀಸಾನೂ ಆಯಿತು. ಮಿಡ್‌ವೆಸ್ಟ್‌ನ ಒಂದು ಸ್ಟೇಟ್ ಯೂನಿವರ್ಸಿಟಿ. ಊರು ಚಿಕ್ಕದು.

ಬ್ಯಾಂಕ್ ಸಾಲ ಮೊದಲ ವರ್ಷಕ್ಕೆ ಸರಿಹೋಗುತ್ತೆ. ಎರಡನೇ ವರ್ಷದ್ದೇ ಯೋಚನೆ. ಬೆಂಗಳೂರಿನ ಕನ್ಸಲ್ಟೆಂಟ್ ಒಬ್ಬರು “ಅಲ್ಲಿ ವರ್ಕ್ ಸ್ಟಡಿ ಅಂತ ಸ್ಕೀಮ್ ಇದೆ, ಓದ್ತಾನೇ ಅರ್ಧ ಫೀಸು ದುಡಿದುಬಿಡಬಹುದು” ಎಂದಿದ್ದರು. ಅಪ್ಪ ಮನೆ ಪತ್ರ ಬ್ಯಾಂಕಿಗೆ ಕೊಟ್ಟಿದ್ದೇ ಆ ಮಾತು ಕೇಳಿ. ಈಗ ಯೂನಿವರ್ಸಿಟಿಯ ಜಾಬ್ ಪೋರ್ಟಲ್‌ಗೆ ಲಾಗಿನ್ ಆಗಿ ನೋಡುತ್ತೇನೆ, ಸುಮಾರು ಕೆಲಸಗಳ ಕೆಳಗೆ “ವರ್ಕ್ ಸ್ಟಡಿ ಇರುವವರಿಗೆ ಮಾತ್ರ” ಎಂದು ಹಾಕಿದ್ದಾರೆ. ನಾನು ಆ ಲೆಕ್ಕದಲ್ಲಿ ಬರ್ತೀನಾ? ಅದಕ್ಕೆ ಅರ್ಜಿ ಎಲ್ಲಿ ಹಾಕಬೇಕು? ಗೊತ್ತಿರುವವರು ಹೇಳಿ.

ಎರಡನೇ_ಸೆಮ್

ಬರಲ್ಲ.

ಬೇಜಾರಾಗಬೇಡಿ, ನನಗೂ ಇದೇ ಮಾತು ಹೇಳಿ ಕಳಿಸಿದ್ದರು. ಫೆಡರಲ್ ವರ್ಕ್ ಸ್ಟಡಿ ಅನ್ನುವುದು ಅಮೆರಿಕದ ಕೇಂದ್ರ ಸರ್ಕಾರದ ಹಣ. ಫ್ಯಾಫ್ಸಾ ಎಂಬ ಅರ್ಜಿ ತುಂಬಿ, ಮನೆಯ ಆದಾಯ ತೋರಿಸಿ, ಅಗತ್ಯ ಇದೆ ಎಂದು ಕಂಡರೆ ಕಾಲೇಜು ಕೊಡುತ್ತದೆ. ಅಲ್ಲಿನ ನಾಗರಿಕರಿಗೆ, ಗ್ರೀನ್ ಕಾರ್ಡ್ ಇರುವವರಿಗೆ, ಇನ್ನು ಕೆಲವು ಬಗೆಯ ವಲಸಿಗರಿಗೆ ಮಾತ್ರ. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಬಂದ ನಮಗೆ ಇಲ್ಲ.

ಆದರೆ ಕ್ಯಾಂಪಸ್ ಕೆಲಸ ಬೇರೆ, ವರ್ಕ್ ಸ್ಟಡಿ ಬೇರೆ. ಈ ಎರಡನ್ನೂ ಒಂದೇ ಮಾಡಿ ಹೇಳುವುದರಿಂದಲೇ ಗೊಂದಲ. ಕ್ಯಾಂಪಸ್ ಒಳಗೆ ನಾವು ಮೊದಲ ಸೆಮಿಸ್ಟರ್‌ನಿಂದಲೇ ಕೆಲಸ ಮಾಡಬಹುದು. ತರಗತಿ ನಡೆಯುವಾಗ ವಾರಕ್ಕೆ 20 ಗಂಟೆ, ರಜೆಯಲ್ಲಿ ಪೂರ್ತಿ ಹೊತ್ತು. ಎರಡು ಕಡೆ ಮಾಡಿದರೂ ಒಟ್ಟು ಸೇರಿ 20. ಪೋರ್ಟಲ್‌ನಲ್ಲಿ “ವರ್ಕ್ ಸ್ಟಡಿ ಮಾತ್ರ” ಇರುವುದನ್ನೆಲ್ಲ ಫಿಲ್ಟರ್ ಹಾಕಿ ತೆಗೆದುಬಿಡಿ. ಉಳಿದದ್ದು ನಮ್ಮ ಪಾಲು.

ಕೊಬ್ಬರಿ_ಹುಡುಗ

ತೆಗೆದೆ. ಒಂಬತ್ತು ಉಳಿದವು. ಅದರಲ್ಲಿ ಒಂದು ಈಜುಕೊಳದ ಲೈಫ್‌ಗಾರ್ಡ್. ನನಗೆ ಕೆರೆಯಲ್ಲಿ ಮೊಣಕಾಲುದ್ದ ನೀರಲ್ಲಿ ಇಳಿದಷ್ಟೇ ಅನುಭವ.

ಶರಾವತಿ_ತೀರ

ಜೂನ್‌ನಲ್ಲಿ ಒಂಬತ್ತೇ ಇರುತ್ತವೆ, ಗಾಬರಿ ಬೇಡ. ಅಲ್ಲಿನ ಹುಡುಗರೆಲ್ಲ ಬೇಸಿಗೆ ರಜೆಗೆ ಊರಿಗೆ ಹೋಗಿರುತ್ತಾರೆ. ಆಗಸ್ಟ್ ಮಧ್ಯಕ್ಕೆ ಬಾಗಿಲು ತೆರೆಯುತ್ತೆ.

ನನ್ನ ಕಥೆ ಹೇಳ್ತೀನಿ, ಸ್ವಲ್ಪ ಉದ್ದ. ನಾನು ಸಾಗರದಿಂದ ಹೋದವಳು, ಈಗ ಎಂಎಸ್ ಕೊನೆಯ ಸೆಮಿಸ್ಟರ್. ಹೊರಡುವ ಮುಂಚೆ ಮನೆಯಲ್ಲೇ ಕೂತು 46 ಕೆಲಸಕ್ಕೆ ಆನ್‌ಲೈನ್ ಅರ್ಜಿ ಹಾಕಿದೆ. ಎರಡಕ್ಕೆ ಉತ್ತರ ಬಂತು, ಎರಡೂ “ಇಲ್ಲ”. ಅಲ್ಲಿಗೆ ಹೋದ ಮೇಲೆ, ತರಗತಿ ಶುರುವಾಗುವ ಹಿಂದಿನ ವಾರ, ರೆಸ್ಯೂಮೆ ಹದಿನೈದು ಪ್ರತಿ ಪ್ರಿಂಟ್ ಹಾಕಿಸಿ ಒಂದೊಂದೇ ಕಟ್ಟಡ ಹತ್ತಿದೆ. ಊರಲ್ಲಿ ಮದುವೆ ಕಾಗದ ಹಂಚುತ್ತಾರಲ್ಲ, ಹಾಗೆ. ಮೊದಲ ದಿನ ಬಾಯೇ ಬರಲಿಲ್ಲ. ರಿಸೆಪ್ಷನ್‌ನಲ್ಲಿ “ಸ್ಟೂಡೆಂಟ್ ವರ್ಕರ್ ಬೇಕಾ?” ಎಂದು ಕೇಳಿ ಓಡಿ ಬಂದೆ. ಮೂರನೇ ದಿನದ ಹೊತ್ತಿಗೆ ಯಾರನ್ನು ಕೇಳಬೇಕು ಎಂದು ತಿಳಿಯಿತು. ಕೆಲಸಕ್ಕೆ ತೆಗೆದುಕೊಳ್ಳುವವರು ಮುಂದಿನ ಟೇಬಲ್‌ನಲ್ಲಿ ಕೂರುವುದಿಲ್ಲ. “ವಿದ್ಯಾರ್ಥಿಗಳ ಶಿಫ್ಟ್ ಹಾಕುವವರು ಯಾರು, ಅವರು ಯಾವಾಗ ಸಿಗ್ತಾರೆ” ಎಂದು ಕೇಳಿ, ಆ ಹೊತ್ತಿಗೇ ಹೋಗಬೇಕು.

ನನಗೆ ಸಿಕ್ಕಿದ್ದು ಲೈಬ್ರರಿಯ ನೆಲಮಾಳಿಗೆಯಲ್ಲಿ. ಅಲ್ಲಿನ ಸೂಪರ್‌ವೈಸರ್ ನನ್ನ ಸಿಜಿಪಿಎ ನೋಡಲೇ ಇಲ್ಲ. ಹತ್ತು ಚೀಟಿ ಕೊಟ್ಟು “ಸಾಲಾಗಿ ಜೋಡಿಸು” ಎಂದರು. ಪುಸ್ತಕದ ಬೆನ್ನ ಮೇಲಿನ ನಂಬರುಗಳು. ಕ್ಯೂಎ 76.9 ಮೊದಲೋ, ಕ್ಯೂಎ 76.73 ಮೊದಲೋ? 9 ಚಿಕ್ಕದು, 73 ದೊಡ್ಡದು ಎಂದು ಎಲ್ಲರೂ 76.9 ಮೊದಲು ಇಡುತ್ತಾರಂತೆ. ದಶಮಾಂಶ ಅಲ್ವಾ, 76.73 ಮೊದಲು. ನಮ್ಮ ಶಾಲೆಯ ಗಣಿತದ ಮೇಷ್ಟ್ರು ಕೋಲು ಹಿಡಿದು ಕಲಿಸಿದ್ದು ಅಲ್ಲಿ ಕೆಲಸಕ್ಕೆ ಬಂತು. ಆಮೇಲೆ ಒಂದೇ ಪ್ರಶ್ನೆ: “ಬೆಳಗ್ಗೆ ಏಳೂವರೆಗೆ ಬರ್ತೀಯಾ?” ಬರ್ತೀನಿ ಎಂದೆ. ಅಷ್ಟೇ, ಕೆಲಸ ಸಿಕ್ಕಿತು.

ಹಾಗಾಗಿ ರೆಸ್ಯೂಮೆ ಕೆಳಗೆ, ವಾರದಲ್ಲಿ ಯಾವ ದಿನ ಯಾವ ಹೊತ್ತು ಖಾಲಿ ಇದ್ದೀರಿ ಎಂದು ಒಂದು ಚಿಕ್ಕ ಪಟ್ಟಿ ಹಾಕಿ. ಬೆಳಗ್ಗೆ, ಶುಕ್ರವಾರ ರಾತ್ರಿ, ಭಾನುವಾರ. ಅಲ್ಲಿನ ಹುಡುಗರು ಬರಲ್ಲ ಎನ್ನುವ ಹೊತ್ತು ಯಾವುದೋ ಅದೇ ನಿಮ್ಮ ಬಂಡವಾಳ.

ಒಂದು ಮಾತು ಸುಮ್ನೆ ಹೇಳ್ತೀನಿ. ಪುಸ್ತಕದ ಗಾಡಿ ತಳ್ಳುತ್ತಾ ನಾಲ್ಕನೇ ಮಹಡಿಯಲ್ಲಿ ಪಿಎಲ್ 4659 ಎಂಬ ನಂಬರಿನ ಪುಸ್ತಕಗಳ ಹತ್ತಿರ ಬಂದೆ. ನೋಡಿದರೆ ಪೂರ್ತಿ ಕನ್ನಡ. ಎರಡು ಕಪಾಟು. ಹಳೇ ಮೈಸೂರಿನ ಪ್ರೆಸ್‌ಗಳಲ್ಲಿ ಅಚ್ಚಾದವು, ಧೂಳು ಕೂತಿತ್ತು. ಅವತ್ತು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ, ಇಪ್ಪತ್ತು ನಿಮಿಷ. ಸಂಬಳದ ಹೊತ್ತಿನಲ್ಲೇ.

ಹಳೆ_ಮೈಸೂರು

ಶರಾವತಿಯವರೇ, ಆ ಕಪಾಟಿಗೆ ಒಂದು ಕಥೆ ಇದೆ. ಬರಗಾಲದ ದಿನಗಳಲ್ಲಿ ನಮ್ಮ ದೇಶಕ್ಕೆ ಅಮೆರಿಕದಿಂದ ಅವರ ಪಿಎಲ್ 480 ಎಂಬ ಕಾಯ್ದೆಯಡಿ ಗೋಧಿ ಬರುತ್ತಿತ್ತು. ನಮ್ಮ ಕಾಲದವರಿಗೆ ಆ ಕೆಂಪು ಗೋಧಿಯ ರುಚಿ ನೆನಪಿರುತ್ತದೆ. ಆ ಗೋಧಿಗೆ ಭಾರತ ಕೊಟ್ಟ ಹಣ ರೂಪಾಯಿಯಲ್ಲೇ ಇಲ್ಲಿ ಉಳಿಯಿತು. ಅದರಲ್ಲೊಂದು ಪಾಲಿನಿಂದ 1962ರಿಂದ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಭಾರತೀಯ ಭಾಷೆಗಳ ಪುಸ್ತಕ ಕೊಂಡು ಅಲ್ಲಿನ ಯೂನಿವರ್ಸಿಟಿಗಳಿಗೆ ಹಂಚಿತು. ನೀವು ಧೂಳು ಒರೆಸಿದ ಪುಸ್ತಕಗಳಲ್ಲಿ ಗೋಧಿ ದುಡ್ಡಿನವೂ ಇರಬಹುದು.

ಇನ್ನು ವರ್ಕ್ ಸ್ಟಡಿ. ಅದು 1964ರ ಕಾಯ್ದೆ, ಅಧ್ಯಕ್ಷ ಲಿಂಡನ್ ಜಾನ್ಸನ್ ಕಾಲದ್ದು. ಮರುವರ್ಷ ಅದನ್ನು ಉನ್ನತ ಶಿಕ್ಷಣ ಕಾಯ್ದೆಗೆ ಸೇರಿಸಿದರು. ಆ ಎರಡನೇ ಕಾಯ್ದೆಗೆ ಅವರು ಸಹಿ ಹಾಕಿದ್ದು ವಾಷಿಂಗ್ಟನ್‌ನಲ್ಲಿ ಅಲ್ಲ, ಟೆಕ್ಸಾಸ್‌ನ ಸ್ಯಾನ್ ಮಾರ್ಕೋಸ್‌ನಲ್ಲಿ ತಾವೇ ಓದಿದ ಕಾಲೇಜಿನಲ್ಲಿ. ಅದೇ ಕಾಲೇಜಿನಲ್ಲಿ ಅವರು ಕಸ ಗುಡಿಸುವ ಕೆಲಸ ಮಾಡಿಕೊಂಡು ಓದಿದ್ದರು.

ನಮ್ಮಲ್ಲಿ ಇದಕ್ಕೆ ಹೆಸರಿರಲಿಲ್ಲ, ಅಷ್ಟೇ. ನಮ್ಮ ತಂದೆ ಮೈಸೂರಿನಲ್ಲಿ ವಾರಾನ್ನ ಮಾಡಿಕೊಂಡು ಇಂಟರ್‌ಮೀಡಿಯೆಟ್ ಓದಿದವರು. ಸೋಮವಾರ ಒಬ್ಬರ ಮನೆ ಊಟ, ಮಂಗಳವಾರ ಇನ್ನೊಬ್ಬರದು. ಊಟ ಹಾಕಿದ ಮನೆಯ ಮಕ್ಕಳಿಗೆ ಲೆಕ್ಕ ಹೇಳಿಕೊಡಬೇಕು, ಬಾವಿಯಿಂದ ನೀರು ಸೇದಬೇಕು. ಗುರುವಾರಕ್ಕೆ ಮನೆ ಸಿಕ್ಕಿರಲಿಲ್ಲವಂತೆ. ಕೊನೆಯವರೆಗೂ ಗುರುವಾರ ಒಪ್ಪೊತ್ತು ಮಾಡುತ್ತಿದ್ದರು. ನಾವು ರಾಯರ ವ್ರತ ಎಂದುಕೊಂಡಿದ್ದೆವು.

ಇಬ್ಬರು_ಮಕ್ಕಳ_ಅಪ್ಪ

ನನ್ನ ಮಗಳು ಅಲ್ಲಿಯೇ ಹುಟ್ಟಿದವಳು, ಆದ್ದರಿಂದ ನಿಜವಾದ ವರ್ಕ್ ಸ್ಟಡಿ ನಮಗೆ ಬಂತು. ಮೊದಲ ವರ್ಷ ನಾನು ಮಾಡಿದ ತಪ್ಪು ಬೇರೆಯವರು ಮಾಡಬಾರದು ಎಂದು ಬರೆಯುತ್ತಿದ್ದೇನೆ.

ಕಾಲೇಜಿನಿಂದ ಬಂದ ಪತ್ರದಲ್ಲಿ ಗ್ರಾಂಟ್ ಇಷ್ಟು, ಸಾಲ ಇಷ್ಟು, ವರ್ಕ್ ಸ್ಟಡಿ 2,500 ಡಾಲರ್ ಎಂದು ಒಂದರ ಕೆಳಗೊಂದು ಹಾಕಿದ್ದರು. ನಾನು ಎಲ್ಲ ಕೂಡಿಸಿ ಫೀಸಿನಿಂದ ಕಳೆದು, ಉಳಿದಷ್ಟು ಹಣ ರೆಡಿ ಮಾಡಿಕೊಂಡೆ. ಆಗಸ್ಟ್‌ನಲ್ಲಿ ಬಿಲ್ ಬಂದಾಗ 2,500 ಕಳೆದೇ ಇರಲಿಲ್ಲ. ಫೋನ್ ಮಾಡಿ ಜಗಳ ಆಡಿದೆ. ಕಾಲೇಜಿನಲ್ಲಿ ಫೋನ್ ಎತ್ತಿದ ಹುಡುಗಿ ತಾಳ್ಮೆಯಿಂದ ಹೇಳಿದಳು: ಅದು ಕೊಡುವ ಹಣ ಅಲ್ಲ, ದುಡಿಯಲು ಬಿಡುವ ಮಿತಿ. ನಿಮ್ಮ ಮಗಳು ಕೆಲಸ ಹುಡುಕಿಕೊಳ್ಳಬೇಕು. ಮಾಡಿದ ಗಂಟೆಗೆ ಸಂಬಳ ಅವಳ ಕೈಗೇ ಬರುತ್ತದೆ. ಕೆಲಸ ಮಾಡದಿದ್ದರೆ ಸೊನ್ನೆ.

ಕೆಲಸವನ್ನೂ ಅವರೇ ಕೊಡುತ್ತಾರೆ ಎಂದುಕೊಂಡಿದ್ದೆ. ಎಷ್ಟೋ ಕಾಲೇಜುಗಳಲ್ಲಿ ನಾವೇ ಹುಡುಕಬೇಕು. ಆದರೆ ಒಂದು ಅನುಕೂಲ ಇದೆ. ಸಂಬಳದ ಮುಕ್ಕಾಲು ಭಾಗದವರೆಗೆ ಕೇಂದ್ರದ ಹಣ ಸಾಮಾನ್ಯ, ಉಳಿದ ಕಾಲು ಭಾಗ ಕಾಲೇಜಿನದು. ಹಾಗಾಗಿ ಆ ಮಕ್ಕಳೆಂದರೆ ವಿಭಾಗಗಳಿಗೆ ಅಗ್ಗ. “ವರ್ಕ್ ಸ್ಟಡಿ ಮಾತ್ರ” ಎಂದು ಬೋರ್ಡ್ ಹಾಕುವುದು ಅದಕ್ಕೇ, ನಿಮ್ಮ ಮೇಲೆ ಸಿಟ್ಟಿನಿಂದಲ್ಲ ತಿಪಟೂರಿನವರೇ.

ಮಗಳು ಕ್ಯಾಂಪಸ್ ಹೊರಗಿನ ಪ್ರೈಮರಿ ಶಾಲೆಯಲ್ಲಿ ಮಕ್ಕಳಿಗೆ ಓದು ಕಲಿಸುವ ಕೆಲಸ ಹಿಡಿದಳು. ಊರಿನ ಸೇವೆಗೆ ಒಂದು ಪಾಲು ಹಣ ಕಾಲೇಜುಗಳು ಕಡ್ಡಾಯವಾಗಿ ತೆಗೆದಿಡಬೇಕಂತೆ, ಕನಿಷ್ಠ 7 ಪರ್ಸೆಂಟ್. ಆ ಸಾಲಿನಲ್ಲಿ ಜನ ಕಡಿಮೆ. ಮುಂದಿನ ವರ್ಷ ಫ್ಯಾಫ್ಸಾ ತುಂಬುವಾಗ ಈ ದುಡಿಮೆಯನ್ನು ಅವಳ ಆದಾಯದ ಲೆಕ್ಕದಿಂದ ಬಿಡುತ್ತಾರೆ, ಅದೂ ಒಳ್ಳೆಯದಾಯಿತು.

ಮಂಡ್ಯ_ಟು_ಟೆಕ್ಸಾಸ್

ಇಷ್ಟೆಲ್ಲ ಯಾಕೆ ಗುರು? ಟೆಕ್ಸಾಸ್‌ನಲ್ಲಿ ಕನಿಷ್ಠ ಕೂಲಿ ಗಂಟೆಗೆ 7.25, ಎಷ್ಟೋ ಕ್ಯಾಂಪಸ್‌ನಲ್ಲಿ ಅದರ ಮೇಲೆ ಎರಡು ಮೂರು ಡಾಲರ್ ಕೊಟ್ಟರೆ ಜಾಸ್ತಿ. ಪೆಟ್ರೋಲ್ ಬಂಕ್, ನಮ್ಮವರ ಹೋಟೆಲ್ಲು, ಅಂಗಡಿ, ಕೈಗೆ ಕ್ಯಾಶ್. ವಾರಕ್ಕೆ 35 ಗಂಟೆ ಮಾಡು. ಎಲ್ಲರೂ ಮಾಡ್ತಾರೆ.

ಎರಡನೇ_ಸೆಮ್

ಎಲ್ಲರೂ ಮಾಡಲ್ಲ. ಮಾಡುವವರು ಜೋರಾಗಿ ಹೇಳುತ್ತಾರೆ, ಅಷ್ಟೇ. ಮೊದಲ ವರ್ಷ ಕ್ಯಾಂಪಸ್ ಹೊರಗೆ ಕೆಲಸವೇ ಮಾಡುವ ಹಾಗಿಲ್ಲ. ಆಮೇಲೂ ಓದಿಗೆ ಸಂಬಂಧಪಟ್ಟ ಕೆಲಸಕ್ಕೆ ಸಿಪಿಟಿ, ಒಪಿಟಿ ಎಂಬ ಅನುಮತಿ, ಇಲ್ಲವೇ ತೀರಾ ಕಷ್ಟಕ್ಕೆಂದು ಬೇರೆ ಅನುಮತಿ. ಎಲ್ಲಕ್ಕೂ ಕಾಗದ ಬೇಕು. ಅನುಮತಿ ಇಲ್ಲದೆ ದುಡಿದರೆ ಸ್ಟೇಟಸ್ಸೇ, ಅಂದರೆ ವಿದ್ಯಾರ್ಥಿಯಾಗಿ ಅಲ್ಲಿರುವ ಹಕ್ಕೇ, ಹೋಗುತ್ತೆ.

ಶರಾವತಿ_ತೀರ

ನನ್ನ ಹಳೇ ರೂಮ್‌ಮೇಟ್ ಒಬ್ಬಳು ಹೋಟೆಲ್‌ನಲ್ಲಿ ಹೀಗೆ ಮಾಡಿದಳು. ಮಾಲೀಕರು ಕನ್ನಡದವರಲ್ಲ, ಆದರೆ ನಮ್ಮ ದೇಶದವರೇ. ಎರಡು ತಿಂಗಳು ಸಂಬಳ ಕೊಟ್ಟರು, ಮೂರನೇ ತಿಂಗಳಿಂದ “ನಾಳೆ, ನಾಳಿದ್ದು”. 900 ಡಾಲರ್ ಮುಳುಗಿತು. ಯಾರ ಹತ್ತಿರ ದೂರು ಕೊಡುವುದು? ದೂರು ಕೊಟ್ಟರೆ ತಾನೇ ಸಿಕ್ಕಿಬೀಳುತ್ತೇನೆ ಎನ್ನುವ ಭಯ. ಅದು ಅವರಿಗೂ ಗೊತ್ತು. ಆ ಧೈರ್ಯದ ಮೇಲೇ ಅವರು ಕೆಲಸಕ್ಕೆ ಇಟ್ಟುಕೊಳ್ಳುವುದು.

ಮಂಡ್ಯ_ಟು_ಟೆಕ್ಸಾಸ್

ಸರಿ ಅಕ್ಕ. ನಾನು ಮಾಡಿದ್ದು 2011ರಲ್ಲಿ. ಈಗ ಕಾಲ ಬೇರೆ ಇರಬಹುದು. ಹುಡುಗ ರಿಸ್ಕ್ ತಗೋಬೇಡ, ನನ್ನ ಮಾತು ಬಿಡು.

ಬಾಳೆಎಲೆ

ಮಧ್ಯೆ ಬಂದು ಕೇಳ್ತಿದ್ದೀನಿ, ಕ್ಷಮಿಸಿ. ಡೈನಿಂಗ್ ಹಾಲ್‌ನಲ್ಲಿ ಸುಲಭವಾಗಿ ಕೆಲಸ ಸಿಗುತ್ತೆ ಅಂತಾರೆ. ನಾವು ಮನೆಯಲ್ಲಿ ಮೊಟ್ಟೆಯನ್ನೂ ತರಲ್ಲ. ಅಲ್ಲಿ ದನದ ಮಾಂಸ ಮುಟ್ಟಬೇಕಾಗುತ್ತಾ?

ಗಿರ್ಮಿಟ್_ಪ್ರಿಯ

ನಾನು ಹುಬ್ಬಳ್ಳಿಯವ, ಎರಡು ವರ್ಷ ಡೈನಿಂಗ್ ಹಾಲ್‌ನಲ್ಲಿ ಇದ್ದೆ. ಗ್ರಿಲ್‌ಗೆ ಹಾಕಿದರೆ ಮುಟ್ಟಬೇಕಾಗುತ್ತೆ, ಕೈಗವಸು ಇರುತ್ತೆ. ಆದರೆ ಮೊದಲ ದಿನವೇ ಹೇಳಿದರೆ ಬೇರೆ ಕಡೆ ಹಾಕುತ್ತಾರೆ. ನನ್ನ ಮ್ಯಾನೇಜರ್ “ಧರ್ಮದ ಕಾರಣಾನಾ?” ಎಂದು ಕೇಳಿ, ಸಲಾಡ್ ಕೌಂಟರ್‌ಗೆ ಕಳಿಸಿದರು. ಎಲ್ಲ ಮ್ಯಾನೇಜರ್ ಹಾಗೇ ಇರ್ತಾರೆ ಅಂತ ಹೇಳಲಾರೆ.

ಅಲ್ಲಿ ಜನ ನಿಲ್ಲದ ಜಾಗ ಎಂದರೆ ಪಾತ್ರೆ ಕೋಣೆ. ಬೆಲ್ಟ್ ಮೇಲೆ ತಟ್ಟೆಗಳು ಬರುತ್ತಲೇ ಇರುತ್ತವೆ. ಎಂಜಲು ಕೆಡವಬೇಕು, ಚಮಚ ಬೇರೆ ಲೋಟ ಬೇರೆ ಮಾಡಬೇಕು, ಮೆಷಿನ್‌ಗೆ ಹಾಕಬೇಕು. ಅತ್ತ ಕಡೆಯಿಂದ ಬಿಸಿ ತಟ್ಟೆ ಹೊರಬರುತ್ತವೆ, ಹಬೆಯಲ್ಲಿ ಕನ್ನಡಕ ಕಾಣಲ್ಲ. ಮೊದಲ ರಾತ್ರಿ ರೂಮಿಗೆ ಬಂದು ಅತ್ತೆ. ಮನೆಯಲ್ಲಿ ಉಂಡ ತಟ್ಟೆ ಎತ್ತಿಟ್ಟವನಲ್ಲ ನಾನು. ಅವ್ವನಿಗೆ ಹೇಳಲಿಲ್ಲ. ನಾಲ್ಕು ತಿಂಗಳಾದ ಮೇಲೆ ಹೇಳಿದೆ, ಅವಳು ಫೋನಿನಲ್ಲೇ ನಕ್ಕು “ಬಂದಾಗ ಇಲ್ಲೂ ತೋರಿಸು” ಎಂದಳು.

ಲಾಭ ಏನೆಂದರೆ ಶಿಫ್ಟ್ ದಿನ ನಮ್ಮಲ್ಲಿ ಊಟ ಬಿಟ್ಟಿ ಇತ್ತು. ವಾರಕ್ಕೆ ನಾಲ್ಕು ಊಟ ಅಂದರೆ ಚಿಕ್ಕ ಮಾತಲ್ಲ. ಕೆಲಸ ಒಪ್ಪುವ ಮುಂಚೆ ಇದನ್ನೂ ಕೇಳಿ, ನಾಚಿಕೆ ಬೇಡ.

ಕೊಬ್ಬರಿ_ಹುಡುಗ

ಎಲ್ಲರಿಗೂ ಥ್ಯಾಂಕ್ಸ್. ಹಾಗಾದರೆ ಲೆಕ್ಕ ಹಾಕೋಣ. ಗಂಟೆಗೆ 11 ಡಾಲರ್, 20 ಗಂಟೆ, ವಾರಕ್ಕೆ 220. ತಿಂಗಳಿಗೆ 880. ಬಾಡಿಗೆ, ಊಟ, ಫೋನ್ ಆಗುತ್ತೆ. ಫೀಸು ಆಗಲ್ಲ. ಸರೀನಾ?

ಎರಡನೇ_ಸೆಮ್

ಸರಿ. ಕ್ಯಾಲಿಫೋರ್ನಿಯಾದಂಥ ಕಡೆ 2025ರಲ್ಲಿ ಕನಿಷ್ಠವೇ 16.50 ಇತ್ತು, ಆದರೆ ಅಲ್ಲಿನ ಬಾಡಿಗೆ ಅದನ್ನು ನುಂಗಿ ನೀರು ಕುಡಿಯುತ್ತೆ. ಮೊದಲ ತಿಂಗಳು ಮಾತ್ರ ಈ 880 ನಂಬಬೇಡಿ. ಕೆಲಸ ಸಿಗಲು ಎರಡು ಮೂರು ವಾರ, ಕಾಗದ ಪತ್ರಕ್ಕೆ ಇನ್ನೆರಡು ವಾರ, ಸಂಬಳ ಬರುವುದು ಅದಾದ ಮೇಲೆ. ಅಕ್ಟೋಬರ್‌ವರೆಗೆ ಕೈಯಲ್ಲಿ ದುಡ್ಡಿರಲಿ.

ಕೆಲಸ ಸಿಕ್ಕ ಕೂಡಲೇ ಎಸ್‌ಎಸ್‌ಎನ್‌ಗೆ (ಸೋಷಿಯಲ್ ಸೆಕ್ಯುರಿಟಿ ನಂಬರ್, ಸಂಬಳಕ್ಕೆ ತೆರಿಗೆಗೆ ಬೇಕಾದ ನಂಬರ್) ಓಡಬೇಕು. ಕೆಲಸ ಕೊಟ್ಟವರ ಪತ್ರ ಒಂದು, ಇಂಟರ್‌ನ್ಯಾಷನಲ್ ಆಫೀಸ್‌ನ ಪತ್ರ ಒಂದು, ಪಾಸ್‌ಪೋರ್ಟ್, ಐ-20, ಐ-94 (ಅಮೆರಿಕಕ್ಕೆ ಬಂದ ದಾಖಲೆ). ಇಷ್ಟು ಹಿಡಿದು ಸೋಷಿಯಲ್ ಸೆಕ್ಯುರಿಟಿ ಕಚೇರಿಗೆ ಹೋಗಿ. ಅಮೆರಿಕಕ್ಕೆ ಬಂದು ಹತ್ತು ದಿನ ಆದ ಮೇಲೆ ಹೋಗುವುದು ಒಳ್ಳೆಯದು, ಇಲ್ಲದಿದ್ದರೆ ಅವರ ಕಂಪ್ಯೂಟರಿನಲ್ಲಿ ನೀವು ಇನ್ನೂ ಬಂದಿರುವುದಿಲ್ಲ. ಕಾರ್ಡಿಗೆ ಒಂದು ಪೈಸೆ ಕೊಡಬೇಕಿಲ್ಲ. ಕೆಲಸ ಮಾಡಲು ಹಕ್ಕಿದೆ ಎಂದು ತೋರಿಸುವ ಐ-9 ಅನ್ನುವ ಫಾರ್ಮ್ ಕೆಲಸ ಶುರುವಾದ ಮೂರು ಕೆಲಸದ ದಿನದೊಳಗೆ ಮುಗಿಯಬೇಕು.

ಗಿರ್ಮಿಟ್_ಪ್ರಿಯ

ಮೊದಲ ಸಂಬಳದ ಚೀಟಿ ನೋಡಿ, ಬಿಸಾಡಬೇಡಿ. ಸೋಷಿಯಲ್ ಸೆಕ್ಯುರಿಟಿಗೆ (ಪಿಂಚಣಿ) 6.2, ಮೆಡಿಕೇರ್‌ಗೆ (ವಯಸ್ಸಾದವರ ಆರೋಗ್ಯ ವಿಮೆ) 1.45 ಪರ್ಸೆಂಟ್ ಹಿಡಿಯುವುದು ಅಲ್ಲಿಯವರಿಗೆ. ಎಫ್-1ನಲ್ಲಿ ಮೊದಲ ಐದು ವರ್ಷ ನಮ್ಮಿಂದ ಹಿಡಿಯುವ ಹಾಗಿಲ್ಲ. ನನ್ನ ಚೀಟಿಯಲ್ಲಿ ಹಿಡಿದಿದ್ದರು. ಪೇರೋಲ್‌ನಲ್ಲಿ ಯಾರೋ ತಪ್ಪು ಟಿಕ್ ಮಾಡಿದ್ದರಂತೆ. ಮೂರು ತಿಂಗಳು ಗಮನಿಸಿಯೇ ಇರಲಿಲ್ಲ, ಕೇಳಿದ ಮೇಲೆ ಪೂರ್ತಿ ವಾಪಸ್ ಬಂತು. ಇನ್‌ಕಮ್ ಟ್ಯಾಕ್ಸ್ ಬೇರೆ, ಅದು ಇರುತ್ತೆ. ಆದರೆ ಭಾರತದ ವಿದ್ಯಾರ್ಥಿಗಳಿಗೆ ಎರಡು ದೇಶಗಳ ಒಪ್ಪಂದದ ಪ್ರಕಾರ ಸ್ಟ್ಯಾಂಡರ್ಡ್ ಡಿಡಕ್ಷನ್ (ತೆರಿಗೆ ಹಾಕುವ ಮುಂಚೆ ಆದಾಯದಿಂದ ಕಳೆಯುವ ನಿಗದಿತ ಮೊತ್ತ) ಸಿಗುತ್ತೆ. ಬೇರೆ ಎಷ್ಟೋ ದೇಶದವರಿಗೆ ಅದಿಲ್ಲ. ಏಪ್ರಿಲ್‌ನಲ್ಲಿ ತೆರಿಗೆ ಲೆಕ್ಕ ಸಲ್ಲಿಸುವಾಗ ಮರೆಯಬೇಡಿ.

ಬಾಳೆಎಲೆ

ಟಿಎ, ಆರ್‌ಎ (ಪಾಠಕ್ಕೆ, ಸಂಶೋಧನೆಗೆ ಪ್ರೊಫೆಸರ್‌ಗೆ ನೆರವಾಗುವ ಕೆಲಸ) ಬಗ್ಗೆ ಯಾರೂ ಹೇಳಲೇ ಇಲ್ಲ?

ಶರಾವತಿ_ತೀರ

ಫೀಸು ನಿಜವಾಗಿ ಇಳಿಸುವುದು ಅದೊಂದೇ. ಸಿಕ್ಕರೆ ಫೀಸು ಪೂರ್ತಿ ಅಥವಾ ಸ್ವಲ್ಪ ಬಿಟ್ಟು, ಮೇಲೆ ತಿಂಗಳ ಹಣ ಕೊಡುತ್ತಾರೆ. ಆದರೆ ಹೆಚ್ಚಿನ ಪಾಲು ಪಿಎಚ್‌ಡಿಯವರಿಗೆ ಹೋಗುತ್ತೆ. ಎಂಎಸ್‌ನವರಿಗೆ ಮೊದಲ ಸೆಮಿಸ್ಟರ್‌ನಲ್ಲೇ ಸಿಗುವುದು ಅಪರೂಪ. ಒಂದು ವಿಷಯದಲ್ಲಿ ಚೆನ್ನಾಗಿ ಮಾಡಿ, ಅದೇ ಪ್ರೊಫೆಸರ್ ಹತ್ತಿರ ಮುಂದಿನ ಸಲ ಉತ್ತರ ಪತ್ರಿಕೆ ತಿದ್ದುವ ಕೆಲಸ ಕೇಳಿ. ನೂರು ಜನಕ್ಕೆ ಒಂದೇ ಇಮೇಲ್ ಕಳಿಸುವುದು ಬೇಡ, ಅವರು ಊಟಕ್ಕೆ ಕೂತಾಗ ಅದನ್ನು ಓದಿಕೊಂಡು ನಗುತ್ತಾರೆ. ನನಗೆ ಒಬ್ಬ ಪ್ರೊಫೆಸರೇ ಹೇಳಿದ್ದು. ಇದರ ಗಂಟೆಗಳೂ ಆ 20ರ ಒಳಗೇ ಬರುತ್ತವೆ, ನೆನಪಿರಲಿ.

ಹಳೆ_ಮೈಸೂರು

ತಿಪಟೂರಿನ ಹುಡುಗ, ಒಂದು ಕೆಲಸ ಮಾಡಪ್ಪ. ಹೊರಡುವ ಮುಂಚೆ ತಂದೆಗೆ ಈ ಲೆಕ್ಕ ಹೇಳು. ಅರ್ಧ ಫೀಸು ಬರುತ್ತದೆ ಎಂದು ಅವರು ಇನ್ನೂ ನಂಬಿಕೊಂಡು ಕೂತಿದ್ದಾರೆ.

ಕೊಬ್ಬರಿ_ಹುಡುಗ (ಜೂನ್ 14)

ಹೇಳಿದೆ ಸರ್, ನಿನ್ನೆ ರಾತ್ರಿ. ಅಪ್ಪ ಕೊಬ್ಬರಿ ಹೋಳು ಮಾಡುತ್ತಿದ್ದರು. ಕೈ ನಿಲ್ಲಿಸಲಿಲ್ಲ. “ಊಟಕ್ಕೆ ಆಗುತ್ತಾ?” ಎಂದರು. ಆಗುತ್ತೆ ಎಂದೆ. “ಹಾಗಾದ್ರೆ ಎರಡನೇ ವರ್ಷದ್ದು ಈಗಲೇ ಬ್ಯಾಂಕಿನವರ ಹತ್ರ ಮಾತಾಡೋಣ, ಆಮೇಲೆ ಪರದಾಡೋದು ಬೇಡ” ಎಂದರು. ಸೋಮವಾರ ಮ್ಯಾನೇಜರ್ ನೋಡಲು ಹೋಗುತ್ತಿದ್ದೇವೆ.

ಕೊಬ್ಬರಿ_ಹುಡುಗ (ಸೆಪ್ಟೆಂಬರ್ 21)

ಎಲ್ಲರೂ ಚೆನ್ನಾಗಿದ್ದೀರಾ? ಕೆಲಸ ಸಿಕ್ಕಿತು. ಶರಾವತಿ ಅಕ್ಕ ಹೇಳಿದ ಹಾಗೆ ಪ್ರತಿಗಳನ್ನು ಹಿಡಿದು ಸುತ್ತಿದೆ. ಹನ್ನೊಂದನೇ ಬಾಗಿಲಲ್ಲಿ ಆಯಿತು. ಹಾಸ್ಟೆಲ್ ಕೆಳಗಿನ ಪಾರ್ಸಲ್ ರೂಮ್. ಆಗಸ್ಟ್ ಕೊನೆಯಲ್ಲಿ ಹೊಸ ಮಕ್ಕಳು ಹಾಸಿಗೆ, ದೀಪ, ಫ್ಯಾನ್, ಪುಟ್ಟ ಫ್ರಿಜ್ ಎಲ್ಲ ಆನ್‌ಲೈನ್‌ನಲ್ಲಿ ತರಿಸುತ್ತಾರೆ. ಡಬ್ಬಗಳು ಸೂರು ಮುಟ್ಟಿದ್ದವು. ನಾನು ಹೋಗಿ ನಿಂತಾಗ ಆ ರೂಮ್ ನೋಡಿಕೊಳ್ಳುವ ಆಯಮ್ಮ ಒಬ್ಬರೇ ಒದ್ದಾಡುತ್ತಿದ್ದರು. ರೆಸ್ಯೂಮೆ ಕೊಡುವ ಮುಂಚೆ ಎರಡು ಡಬ್ಬ ಎತ್ತಿಟ್ಟೆ. ಆಮೇಲೆ ಅವರು ಕೇಳಿದ್ದೂ ಅದೇ ಪ್ರಶ್ನೆ, ಭಾನುವಾರ ಬರ್ತೀಯಾ ಎಂದು.

ವಾರಕ್ಕೆ 14 ಗಂಟೆ ಕೊಟ್ಟಿದ್ದಾರೆ, 20 ಅಲ್ಲ. ಗಂಟೆಗೆ 11 ಡಾಲರ್. ಮೊನ್ನೆ ಮೊದಲ ಸಂಬಳ ಬಂತು, ಚೀಟಿ ನೋಡಿದೆ, ಸೋಷಿಯಲ್ ಸೆಕ್ಯುರಿಟಿ, ಮೆಡಿಕೇರ್ ಎರಡೂ ಹಿಡಿದಿಲ್ಲ. ಅಪ್ಪನಿಗೆ ಫೋನ್ ಮಾಡಿದರೆ “ಇಲ್ಲಿ ಮಂಡಿಗೆ ಒಂದು ಮೂಟೆ ಹೊರು ಅಂದ್ರೆ ಬೆನ್ನು ನೋವು ಅಂತಿದ್ದೆ” ಎಂದು ಬೈದರು.

ನಮ್ಮ ಪಾರ್ಸಲ್ ರೂಮಿನಲ್ಲಿ ಡಿಸೆಂಬರ್‌ಗೆ ಇಬ್ಬರು ಓದು ಮುಗಿಸಿ ಹೋಗುತ್ತಾರೆ. ಜಾಗ ಖಾಲಿ ಆಗುವುದು ಪೋರ್ಟಲ್‌ಗೆ ಬರುವ ಮುಂಚೆಯೇ ನಮಗೆ ಗೊತ್ತಾಗುತ್ತೆ. ಜನವರಿಗೆ ಈ ಕಡೆ ಬರುವವರು ಯಾರಾದರೂ ಇದ್ದರೆ ಇಲ್ಲೇ ಕೇಳಿ, ಆಯಮ್ಮನಿಗೆ ಹೇಳಿಡುತ್ತೇನೆ.

ಬಾಳೆಎಲೆ

ನಾನು ಜನವರಿಗೇ ಬರೋದು! ಯಾವ ಸ್ಟೇಟ್ ಅಂತ ಮೆಸೇಜ್ ಮಾಡ್ತೀರಾ? ಮೂಟೆ ಹೊತ್ತು ಅಭ್ಯಾಸ ಇಲ್ಲ, ಆದರೆ ಭಾನುವಾರ ಪೂರ್ತಿ ಖಾಲಿ.